ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿ: ಧಾರವಾಡ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಧಾರವಾಡ

ವಿಷಯ: ಕುಷ್ಠರೋಗ ಪತ್ತೆಗಾಗಿ ನಡೆಯುವ ಮನೆಮನೆ ಸಮೀಕ್ಷೆಯಲ್ಲಿಯೇ ಚರ್ಮದ ಕ್ಯಾನ್ಸರಿನ ಲಕ್ಷಣಗಳನ್ನೂ ವಿಚಾರಿಸುವ ಕುರಿತು.

ಮಾನ್ಯರೆ,

ಈ ಸಲ ಶಿವರಾತ್ರಿ ಮುಗಿದ ಮರುವಾರ ಅವ್ವನನ್ನೂ ಹದಿಮೂರು ವರ್ಷದ ಮಗಳನ್ನೂ ಕರೆದುಕೊಂಡು ಗೋಕರ್ಣಕ್ಕೆ ಹೋಗಿ ಬಂದೆ. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ನಾವ್ಯಾರೂ ಆ ದಾರಿ ಹಿಡಿದಿರಲಿಲ್ಲ. ಅಪ್ಪನನ್ನು ಬಲಿ ತೆಗೆದುಕೊಂಡದ್ದು ಚರ್ಮದ ಕ್ಯಾನ್ಸರ್. ಅದು ಹುಟ್ಟಿದ್ದು ಅವನ ಬಲಗಾಲಿನ ಹಿಮ್ಮಡಿಯಲ್ಲಿ. ನಾನು ಧಾರವಾಡದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ನೇರಳಾತೀತ ಕಿರಣಗಳ ಪಾಠವನ್ನು ವರ್ಷ ವರ್ಷ ಹೇಳಿಕೊಟ್ಟಿದ್ದರೂ ಮನೆಯಲ್ಲಿಯೇ ಕಣ್ಣೆದುರಿಗಿದ್ದ ಆ ಕಪ್ಪು ಗುರುತು ಏನೆಂಬುದು ನನಗೆ ತಿಳಿಯಲಿಲ್ಲ. ತಮ್ಮ ಇಲಾಖೆಯು ಹೊಸ ಸಿಬ್ಬಂದಿಯಿಲ್ಲದೆ, ಹೊಸ ಯಂತ್ರವಿಲ್ಲದೆ ಮಾಡಬಹುದಾದ ಒಂದು ಕೆಲಸವನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಗದಗ ಮತ್ತು ಹಾವೇರಿ ಜಿಲ್ಲೆಗಳ ಅಧಿಕಾರಿಗಳೂ, ಹೊಲದಲ್ಲಿ ದುಡಿಯುವ ತಂದೆತಾಯಿಗಳಿರುವ ಎಲ್ಲರೂ ಇದನ್ನು ಓದಲಿ ಎಂಬ ಆಸೆಯಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮದು ನವಲಗುಂದ ತಾಲೂಕಿನ ಎರೆನೆಲದ ಹಳ್ಳಿ. ಬಿಳಿಜೋಳ, ಕಡಲೆಯ ಸುಗ್ಗಿ ಒಂದು ಹದಕ್ಕೆ ಬಂತೆಂದರೆ ಓಣಿಯ ನಾಲ್ಕಾರು ಮನೆಯವರು ಕೂಡಿ ಗೋಕರ್ಣಕ್ಕೆ ಹೊರಡುವುದು ನಾನು ಚಿಕ್ಕವಳಿದ್ದಾಗಿನ ರೂಢಿ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ, ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ ಘಟ್ಟ ಇಳಿಯುವಷ್ಟರಲ್ಲಿ ಬಯಲುಸೀಮೆಯ ನಮ್ಮಲ್ಲಿ ಅರ್ಧ ಮಂದಿಗೆ ವಾಂತಿಯಾಗಿರುತ್ತಿತ್ತು. ಹಿರಿಯರು ಸಮುದ್ರಸ್ನಾನ ಮಾಡಿ, ಕೋಟಿತೀರ್ಥಕ್ಕೆ ಹೋಗಿ, ಮಹಾಬಲೇಶ್ವರನ ದರ್ಶನ ಮುಗಿಸಿ ಬರುವ ತನಕ ಮಕ್ಕಳಾದ ನಾವು ನೀರು ಬಿಟ್ಟು ಮೇಲೇಳುತ್ತಿರಲಿಲ್ಲ. ಊರಿಗೆ ಬಂದ ಮೂರನೆಯ ದಿನಕ್ಕೆ ಮೂಗಿನ ಮೇಲೆ, ಹೆಗಲ ಮೇಲೆ ಚರ್ಮ ಸುಲಿದು ಏಳುತ್ತಿತ್ತು. ಅವ್ವ ಮಜ್ಜಿಗೆ ಸವರುತ್ತಿದ್ದಳು. ಅದು ಬಿಸಿಲು ಸುಟ್ಟ ಗಾಯವೆಂದು ಯಾರಿಗೂ ಅನಿಸಿರಲಿಲ್ಲ. ಅಪ್ಪ ಮಾತ್ರ ಮರಳಿ ಬರುವಾಗ ಪೇಟೆಯಲ್ಲಿ ತಪ್ಪದೆ ಒಂದು ಬಾಟಲಿ ಗೇರೆಣ್ಣೆ ಕೊಳ್ಳುತ್ತಿದ್ದ. ಹಿಮ್ಮಡಿಯ ಒಡಕಿಗೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ ಎಂಬುದು ನಮ್ಮ ಕಡೆಯ ರೈತರ ನಂಬಿಕೆ. ಒಂದು ಬಾಟಲಿ ಮುಂದಿನ ಶಿವರಾತ್ರಿಯವರೆಗೆ ಬರುತ್ತಿತ್ತು.

ಆ ಎಣ್ಣೆ ಹಚ್ಚಿದಲ್ಲಿ ಚರ್ಮ ಕಪ್ಪಾಗುತ್ತದೆ. 2017ರ ದೀಪಾವಳಿಗೆ ಊರಿಗೆ ಹೋದಾಗ, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ ಅಪ್ಪನ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡದಾದ ಒಂದು ಕಪ್ಪು ಕಲೆಯನ್ನು ನಾನು ನೋಡಿದೆ. ಹತ್ತಿರದಿಂದ ನೋಡಿದರೆ ಅದು ಒಂದೇ ಬಣ್ಣದ್ದಾಗಿರಲಿಲ್ಲ: ನಡುವೆ ಇದ್ದಿಲಿನಂತೆ ಕಪ್ಪು, ಒಂದು ಬದಿಗೆ ಕಂದು, ಇನ್ನೊಂದು ಬದಿಗೆ ನೀಲಿಗೆ ತಿರುಗಿದ ಬೂದಿ. ಅಂಚು ಇಲಿ ಕಡಿದ ರೊಟ್ಟಿಯಂತೆ ವಕ್ರವಾಗಿತ್ತು. ಒತ್ತಿದರೆ ನೋವಿರಲಿಲ್ಲ. "ಆಣಿ ಐತಿ ಬಿಡವಾ, ಇಲ್ಲಾ ಜಾಲಿಮುಳ್ಳು ಮುರಕೊಂಡು ಕುಂತಿರಬೇಕು, ಗೇರೆಣ್ಣಿ ಹಚ್ಚಾಕತ್ತೇನಿ" ಎಂದ. ಬೆಂಗಳೂರಿನಲ್ಲಿರುವ ತಮ್ಮನಿಗೆ ಕಳಿಸೋಣವೆಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದೆ. ಆಮೇಲೆ ಹೋದ ಒಂದು ದವಾಖಾನೆಯಲ್ಲಿಯೂ ಅದನ್ನು ಆಣಿಯೆಂದೇ ಹೇಳಿ, ಮೇಲೆ ಹೆರೆದು, ಆಣಿಯ ಪಟ್ಟಿ ಅಂಟಿಸಿ ಕಳಿಸಿದರು. ಹೆರೆದದ್ದನ್ನು ಪರೀಕ್ಷೆಗೆ ಕಳಿಸಲಿಲ್ಲ. ಹೆಚ್ಚುಕಡಿಮೆ ಹದಿನಾಲ್ಕು ತಿಂಗಳ ನಂತರ ಬಲತೊಡೆಯ ಸಂದಿಯಲ್ಲಿ ಗಂಟು ಕಾಣಿಸಿಕೊಂಡಾಗ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯಾಯಿತು, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಾದ ಮೆಲನೋಮಾ ಎಂಬ ಹೆಸರು ಮೊದಲ ಸಲ ನಮ್ಮ ಮನೆಯೊಳಗೆ ಬಂತು. ಅಷ್ಟು ಹೊತ್ತಿಗೆ ಅದು ಶ್ವಾಸಕೋಶವನ್ನೂ ಮುಟ್ಟಿತ್ತು. ಆ ದವಾಖಾನೆಯವರ ಮೇಲೆ ನನಗೆ ಸಿಟ್ಟಿಲ್ಲವೆಂದರೆ ಸುಳ್ಳಾದೀತು; ಆದರೆ ನಾವೆಲ್ಲರೂ ನೋಡಿ ಆಣಿಯೆಂದುಕೊಂಡದ್ದನ್ನೇ ಅವರೂ ಆಣಿಯೆಂದರು ಎಂಬುದೂ ಸತ್ಯ. ಕಪ್ಪು ಕಲೆಯನ್ನು ಅನುಮಾನದಿಂದ ನೋಡಬೇಕೆಂದು ಯಾರೂ ನಮಗೆ ಹೇಳಿರಲಿಲ್ಲ.

ಗೋಕರ್ಣದ ದಂಡೆಯ ಮೇಲೆ ಕುಳಿತಾಗ ನನಗೆ ಕಂಡದ್ದು ಈ ಹೇಳದೆ ಉಳಿದ ಮಾತಿನ ಬೇರು. ನಾನು ಸಣ್ಣವಳಿದ್ದಾಗ ಅಲ್ಲಿ ವಿದೇಶಿಯರು ಮೈಗೆ ಬಿಳಿ ಕ್ರೀಮು ಸವರಿಕೊಂಡು ಬಿಸಿಲಿನಲ್ಲಿ ಮಲಗುತ್ತಿದ್ದರು, ಈಗಲೂ ಮಲಗುತ್ತಾರೆ. ಚರ್ಮದ ಕ್ಯಾನ್ಸರ್ ಎಂದರೆ ಅವರಿಗೆ ಬರುವ ರೋಗ, ಬೆಳ್ಳಗಿನ ಮೈಯ ರೋಗ, ರಜೆ ಕಳೆಯಲು ಬಂದವರ ರೋಗ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ಅದರಲ್ಲಿ ಒಂದು ಪಾಲು ನಿಜವೂ ಹೌದು. ನಮ್ಮ ಚರ್ಮದಲ್ಲಿ ಹೆಚ್ಚಾಗಿರುವ ಮೆಲನಿನ್ ಎಂಬ ಬಣ್ಣದ ವಸ್ತು ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಯುತ್ತದೆ. ಆದ್ದರಿಂದ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಈ ಕ್ಯಾನ್ಸರ್ ಬಹಳ ಕಡಿಮೆ. ಆದರೆ ಬಂದಾಗ ಅದು ಬರುವ ಜಾಗ ಬೇರೆ. ಕಪ್ಪು ಮತ್ತು ಕಂದು ಮೈಬಣ್ಣದವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸುವುದು ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ಈ ಬಗೆಯ ಮೆಲನೋಮಾಕ್ಕೆ ಬಿಸಿಲು ಮುಖ್ಯ ಕಾರಣವೇ ಅಲ್ಲ, ಹಾಗಾಗಿ ಯಾವ ಕ್ರೀಮೂ ಅದನ್ನು ತಡೆಯಲಾರದು; ಬೇಗ ನೋಡಿ ಬೇಗ ತೆಗೆಸುವುದೊಂದೇ ದಾರಿ. ಅದು ಎಷ್ಟು ಅಗಲವಾಗಿದೆ ಎಂಬುದಕ್ಕಿಂತ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದೇ ರೋಗಿ ಉಳಿಯುವನೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಒಂದು ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿರುವಾಗ ಕತ್ತರಿಸಿ ತೆಗೆದರೆ ಬಹುತೇಕ ಮಂದಿ ಬದುಕುತ್ತಾರೆ.

ಅಂಗಡಿಯೊಂದರಲ್ಲಿ ತೂಗುಬಿಟ್ಟಿದ್ದ ಟೀಶರ್ಟುಗಳನ್ನು ನೋಡಿ ಮಗಳು, ಇಲ್ಲಿ ಎಲ್ಲ ಅಂಗಡಿಯಲ್ಲೂ ಈ ಜಡೆಯ ಮನುಷ್ಯನ ಮುಖವೇ ಯಾಕಿದೆ ಎಂದು ಕೇಳಿದಳು. ಅದು ಜಮೈಕಾದ ಗಾಯಕ ಬಾಬ್ ಮಾರ್ಲಿಯ ಮುಖ. 1977ರಲ್ಲಿ ಅವನ ಕಾಲ್ಬೆರಳಿನ ಉಗುರಿನ ಕೆಳಗೆ ಮೆಲನೋಮಾ ಇರುವುದು ಪತ್ತೆಯಾಯಿತು, 1981ರ ಮೇ ತಿಂಗಳಿನಲ್ಲಿ ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನ ಮುಖವನ್ನು ಎದೆಯ ಮೇಲೆ ಹಾಕಿಕೊಂಡು ತಿರುಗುವ ನಮ್ಮ ಹುಬ್ಬಳ್ಳಿಯ ಹುಡುಗರಿಗೆ ಆ ಸಂಗತಿ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸಿತು.

ಬಿಸಿಲಿನಿಂದಲೇ ಬರುವ ಚರ್ಮದ ಕ್ಯಾನ್ಸರುಗಳೂ ಇವೆ, ಅವುಗಳಿಂದಲೂ ನಾವು ಪೂರ್ತಿ ಹೊರತಲ್ಲ. ಬೇಸಲ್ ಸೆಲ್ ಮತ್ತು ಸ್ಕ್ವೇಮಸ್ ಸೆಲ್ ಎಂಬ ಎರಡು ಬಗೆಗಳು ಮುಖ, ಕಿವಿ, ಕುತ್ತಿಗೆ, ಕೆಳದುಟಿ, ಕೈಯ ಮೇಲ್ಭಾಗದಲ್ಲಿ ಏಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಜಗತ್ತಿನಲ್ಲಿ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿನಿಂದ ಸಾಯುವ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರ ಸಾವಿಗೆ ಕಾರಣ ಬಿಸಿಲಿನಲ್ಲಿ ದುಡಿಯುವುದು. 2019ರ ಒಂದೇ ವರ್ಷದಲ್ಲಿ ಹಾಗೆ ಸತ್ತವರು ಸುಮಾರು 19,000. ಗೋಕರ್ಣದ ದಂಡೆಯ ಮೇಲೆ ಬಿಸಿಲಿಗೆ ಹೆಚ್ಚು ಮೈಯೊಡ್ಡುವವರು ಮಲಗಿರುವ ಪ್ರವಾಸಿಗರಲ್ಲ. ದಿನವಿಡೀ ನಿಂತೇ ಇರುವ ಜೀವರಕ್ಷಕ ಸಿಬ್ಬಂದಿ, ಬುಟ್ಟಿ ಹೊತ್ತು ಮಾರುವ ಹೆಂಗಸರು, ಸ್ವಲ್ಪ ದೂರದ ಸಾಣಿಕಟ್ಟೆಯ ಉಪ್ಪಿನಗದ್ದೆಗಳಲ್ಲಿ ಉಪ್ಪು ಎಳೆಯುವವರು. ಒಣ ಮರಳು ನೇರಳಾತೀತ ಕಿರಣಗಳ ನೂರರಲ್ಲಿ ಹದಿನೈದು ಪಾಲನ್ನು, ಅಲೆಯ ನೊರೆ ಇಪ್ಪತ್ತೈದು ಪಾಲನ್ನು ಮರಳಿ ಮೇಲಕ್ಕೆ ಎರಚುತ್ತವೆ. ಬಯಲುಸೀಮೆಯಲ್ಲಿ ಆ ಮರಳಿಲ್ಲ, ಆದರೆ ಮರದ ನೆರಳೂ ಇಲ್ಲ. ನಮ್ಮ ಊರುಗಳಿರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೇರಳಾತೀತ ಕಿರಣಗಳ ತೀವ್ರತೆಯನ್ನು ಹೇಳುವ ಯುವಿ ಸೂಚ್ಯಂಕ 3 ಮುಟ್ಟಿದರೆ ಮೈ ಮರೆಮಾಡಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 11 ಮತ್ತು ಅದಕ್ಕಿಂತ ಹೆಚ್ಚಿನದನ್ನು ಅದು ಅತ್ಯಂತ ತೀವ್ರ ಎಂದು ಕರೆಯುತ್ತದೆ. ನಮ್ಮ ಬೇಸಿಗೆಯ ನಡುಹಗಲು ಆ ಕೊನೆಯ ಮೆಟ್ಟಿಲಿನಲ್ಲಿದೆ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಕಡಿಮೆಯದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಪಟಗಾ ಸುತ್ತಿದ ತಲೆ, ತುಂಬುತೋಳಿನ ಅಂಗಿ, ಮೊಣಕಾಲು ಮುಚ್ಚುವ ಧೋತರ, ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಮೆಣಸಿನಕಾಯಿ ಬಿಡಿಸುವ ಬ್ಯಾಡಗಿ ಸೀಮೆಯ ಹೆಂಗಸರು: ಕ್ರೀಮಿಗೆ ನೂರಾರು ರೂಪಾಯಿ ಸುರಿಯಲಾಗದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಯಾವುದೂ ಇಲ್ಲ. ಈಗಿನ ಹುಡುಗರು ಪಟಗಾ ಬಿಟ್ಟು ಮುಂದೊಂದು ಚುಂಚಿರುವ ಟೋಪಿ ಹಾಕುತ್ತಾರೆ, ಅದು ಕಿವಿಯನ್ನೂ ಕುತ್ತಿಗೆಯನ್ನೂ ಬಿಸಿಲಿಗೇ ಬಿಡುತ್ತದೆ. ಬೇಸಿಗೆಯಲ್ಲಿ ತಮ್ಮ ಇಲಾಖೆ ಬಿಸಿಲಿನ ಹೊಡೆತದ ಬಗ್ಗೆ, ಓಆರ್‌ಎಸ್ ಬಗ್ಗೆ ಹಚ್ಚುವ ಫಲಕಗಳಲ್ಲಿ ಇದಕ್ಕೂ ಒಂದು ಸಾಲು ಸೇರಿದರೆ ಸಾಕು.

ನಮ್ಮ ನಾಡಿನ ಚರ್ಮದ ಕ್ಯಾನ್ಸರಿಗೆ ಇನ್ನೂ ಕೆಲವು ದಾರಿಗಳಿವೆ, ಅವು ನಮ್ಮ ಜೀವನದ ರೀತಿಯಿಂದಲೇ ಹುಟ್ಟಿದವು. ಸ್ಟೋವ್ ಸಿಡಿದೋ ಬೆಲ್ಲದ ಕೊಪ್ಪರಿಗೆಯ ಪಾಕ ಬಿದ್ದೋ ಸುಟ್ಟ ಗಾಯ ಮಾಯ್ದು, ಆ ಕಲೆಯ ಮೇಲೆ ಹತ್ತಾರು ವರ್ಷಗಳ ನಂತರ ಹುಣ್ಣೆದ್ದು ಮಾಯದೆ ಉಳಿದರೆ ಅದು ಕ್ಯಾನ್ಸರಾಗಿರಬಹುದು. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿಯೇ ಇಂಥ ಹುಣ್ಣನ್ನು ವರ್ಣಿಸಿದ್ದರಿಂದ ಅದಕ್ಕೆ ಅವನದೇ ಹೆಸರಿದೆ. ಕುಷ್ಠರೋಗ ವಾಸಿಯಾದರೂ ಸ್ಪರ್ಶ ಕಳೆದುಕೊಂಡ ಅಂಗಾಲಿನಲ್ಲಿ ವರ್ಷಗಟ್ಟಲೆ ಉಳಿಯುವ ಹುಣ್ಣಿಗೂ ಅದೇ ಅಪಾಯವಿದೆ. ಧೋತರವನ್ನು ಸೊಂಟಕ್ಕೆ ಒಂದೇ ಜಾಗದಲ್ಲಿ ಬಿಗಿದು ಉಡುವವರಲ್ಲಿ ಆ ಜಾಗದಲ್ಲಿಯೇ ಏಳುವ ಕ್ಯಾನ್ಸರನ್ನು ಮುಂಬಯಿಯ ವೈದ್ಯ ವಿಜ್ಞಾನಿ ಖಾನೋಲ್ಕರ್ ಅವರು 1945ರಲ್ಲಿ ಜಗತ್ತಿಗೆ ತಿಳಿಸಿದರು. ಒಳಲಂಗದ ಲಾಡಿ ದಿನವೂ ಉಜ್ಜುವ ಹೆಂಗಸರ ಸೊಂಟದಲ್ಲಿಯೂ ಹಾಗೆಯೇ ಆಗುವುದು ವೈದ್ಯರಿಗೆ ಗೊತ್ತು. ಲಾಡಿ ಕಟ್ಟುವಲ್ಲಿ ಕಪ್ಪಾಗಿ ದಪ್ಪಗಾದ ಪಟ್ಟಿ ನಮ್ಮ ಹಳ್ಳಿಗಳಲ್ಲಿ ಎಷ್ಟು ತಾಯಂದಿರಿಗಿಲ್ಲ? ಬಹುಪಾಲು ಮಂದಿಗೆ ಅದು ಹಾಗೆಯೇ ಉಳಿಯುತ್ತದೆ, ಭಯಪಡಬೇಕಾಗಿಲ್ಲ. ಅಲ್ಲಿ ಹುಣ್ಣಾಗಿ ಮಾಯದಿದ್ದರೆ ಮಾತ್ರ ತೋರಿಸಬೇಕು.

ಮಕ್ಕಳ ಬಗ್ಗೆಯೂ ಒಂದು ಮಾತಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ. ತಂದೆತಾಯಿ ಇಬ್ಬರಿಂದಲೂ ಒಂದೇ ದೋಷದ ವಂಶವಾಹಿ ಬಂದಾಗ ಹುಟ್ಟುವ ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯ ಮಗುವಿಗೆ ಬಿಸಿಲು ತಾಗಿದ ಜಾಗದಲ್ಲೆಲ್ಲ ಎಳ್ಳು ಚೆಲ್ಲಿದಂಥ ಚುಕ್ಕೆಗಳೇಳುತ್ತವೆ, ಹತ್ತು ವರ್ಷ ತುಂಬುವ ಆಸುಪಾಸಿನಲ್ಲಿಯೇ ಕ್ಯಾನ್ಸರ್ ಕಾಣಿಸಬಹುದು. ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಕ್ಕಳಿಗೆ ಮೆಲನಿನ್ನಿನ ಕಾವಲೇ ಇಲ್ಲ. ಇಂಥ ಮಗುವನ್ನು ಶಾಲೆಯಲ್ಲಿ ಬಿಸಿಲಿನ ಪ್ರಾರ್ಥನೆಗೂ ಆಟಕ್ಕೂ ಎಲ್ಲರಂತೆ ನಿಲ್ಲಿಸುವುದು ತಪ್ಪೆಂದು ಶಿಕ್ಷಕರಿಗೆ ಹೇಳುವವರು ಬೇಕು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಮೂವತ್ತು ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಈಗಾಗಲೇ ಸರಕಾರದ ಕಾರ್ಯಕ್ರಮದಲ್ಲಿದೆ. ಆ ಮೂರು ನಮ್ಮ ಜನರಲ್ಲಿ ಬಹಳ ಹೆಚ್ಚು. ಅವುಗಳ ಜೊತೆಗೆ ಚರ್ಮವನ್ನೂ ಸೇರಿಸಿ ಎಲ್ಲರನ್ನೂ ತಪಾಸಣೆ ಮಾಡಿ ಎಂದು ನಾನು ಕೇಳುತ್ತಿಲ್ಲ, ಅಷ್ಟು ಅಪರೂಪದ ರೋಗಕ್ಕೆ ಅದು ನ್ಯಾಯವೂ ಅಲ್ಲ. ಆದರೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಚರ್ಮದ ಮೇಲೆ ಮಚ್ಚೆ ಅಥವಾ ಬಣ್ಣ ಬದಲಾದ ಜಾಗವಿದೆಯೇ, ಅಂಗೈ ಅಂಗಾಲಿನಲ್ಲಿ ಮತ್ತೆ ಮತ್ತೆ ಹುಣ್ಣಾಗುತ್ತದೆಯೇ ಎಂಬ ಪ್ರಶ್ನೆಗಳು ಇದ್ದೇ ಇವೆ. ಅವು ಇರುವುದು ಕುಷ್ಠರೋಗವನ್ನು ಹುಡುಕಲಿಕ್ಕೆ. ಕುಷ್ಠರೋಗ ಪತ್ತೆ ಅಭಿಯಾನ ನಡೆದಾಗ ಆಶಾ ಮತ್ತು ಒಬ್ಬ ಪುರುಷ ಸ್ವಯಂಸೇವಕ ಕೂಡಿ ಮನೆಗೆ ಬಂದು, ಹೆಂಗಸರನ್ನು ಆಶಾ, ಗಂಡಸರನ್ನು ಸ್ವಯಂಸೇವಕ ನೋಡುತ್ತಾರೆ. ಅಂದರೆ ನಮ್ಮ ಜನರ ಮೈಯ ಚರ್ಮವನ್ನು ಬಾಗಿಲಿಗೆ ಬಂದು ನೋಡುವ ವ್ಯವಸ್ಥೆ ತಮ್ಮ ಕೈಯಲ್ಲಿ ಸಿದ್ಧವಾಗಿದೆ. ಆದರೆ ಅವರಿಗೆ ಕಲಿಸಿರುವುದು ಬಿಳಿಚಿದ, ಸ್ಪರ್ಶವಿಲ್ಲದ ಮಚ್ಚೆಯನ್ನು ಹುಡುಕುವುದಕ್ಕೆ; ಕಪ್ಪಾದದ್ದನ್ನು ನೋಡಿದರೂ ಅವರು ಮುಂದಕ್ಕೆ ಹೋಗುತ್ತಾರೆ. 2017ರ ಆಚೀಚೆ ನಮ್ಮ ಮನೆಗೂ ಹಾಗೆ ಬಂದಿದ್ದರು ಎಂದು ಅವ್ವ ನೆನೆಯುತ್ತಾಳೆ, ಅಪ್ಪನ ಬೆನ್ನು ತೋಳು ನೋಡಿ ಹೋದರಂತೆ.

ಅವರ ತರಬೇತಿಗೆ ಅರ್ಧ ಗಂಟೆ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಅಂಗಾಲು, ಅಂಗೈ, ಉಗುರುಗಳನ್ನು ತಿರುಗಿಸಿ ನೋಡಲಿ. ಕಪ್ಪು ಕಲೆ ಹೊಸದಾಗಿ ಬಂದಿದೆಯೇ, ದೊಡ್ಡದಾಗುತ್ತಿದೆಯೇ, ಬಣ್ಣ ಎರಡು ಮೂರಾಗಿದೆಯೇ, ಒಂದೇ ಉಗುರಿನಲ್ಲಿ ಕಪ್ಪು ಗೆರೆ ಅಗಲವಾಗುತ್ತ ಪಕ್ಕದ ಚರ್ಮಕ್ಕೂ ಹಬ್ಬಿದೆಯೇ, ಎಲ್ಲಿಯಾದರೂ ತಿಂಗಳು ಕಳೆದರೂ ಮಾಯದ ಹುಣ್ಣಿದೆಯೇ ಎಂದು ಕೇಳಲಿ. ನಮ್ಮ ಮೈಬಣ್ಣದವರ ಹಲವು ಉಗುರುಗಳಲ್ಲಿ ತೆಳ್ಳಗಿನ ಕಂದು ಗೆರೆಗಳಿರುವುದು ಸಹಜ. ಅದನ್ನು ನೋಡಿ ಯಾರನ್ನೂ ಹೆದರಿಸಬಾರದೆಂಬುದನ್ನೂ ಆ ತರಬೇತಿಯಲ್ಲಿಯೇ ಹೇಳಬೇಕು. ಅನುಮಾನ ಬಂದರೆ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಫೋಟೊ ತೆಗೆದು ಇ-ಸಂಜೀವನಿ ಎಂಬ ಸರಕಾರದ ದೂರವೈದ್ಯ ಸೇವೆಯ ಮೂಲಕ ಚರ್ಮತಜ್ಞರಿಗೆ ತೋರಿಸಲಿ, ಚೀಟಿ ಕೊಟ್ಟು ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ (ಹಿಂದಿನ ಕಿಮ್ಸ್), ಗದಗದಲ್ಲಾದರೆ ಅಲ್ಲಿನ ಜಿಮ್ಸ್ ಆಸ್ಪತ್ರೆಗೆ ಕಳಿಸಲಿ. ಆಣಿಯೆಂದು, ನರುಲೆಯೆಂದು ಹೆರೆದು ತೆಗೆಯುವ ಯಾವುದೇ ಕಪ್ಪು ಗಂಟನ್ನು ಕಸದ ಬುಟ್ಟಿಗೆ ಹಾಕದೆ ಪರೀಕ್ಷೆಗೆ ಕಳಿಸಬೇಕೆಂದು ಜಿಲ್ಲೆಯ ಎಲ್ಲ ವೈದ್ಯರಿಗೆ, ಖಾಸಗಿಯವರಿಗೂ, ತಮ್ಮಿಂದ ಒಂದು ಸುತ್ತೋಲೆ ಹೋಗಲಿ. ನನ್ನ ಅಪ್ಪನ ವಿಷಯದಲ್ಲಿ ಹೆರೆದದ್ದನ್ನು ಹಾಕಿದ ಒಂದು ಸೀಸೆ ಪ್ರಯೋಗಾಲಯಕ್ಕೆ ಹೋಗಿದ್ದರೆ ಹದಿನಾಲ್ಕು ತಿಂಗಳು ಉಳಿಯುತ್ತಿತ್ತು.

ಅಂಗಾಲು ಕಣ್ಣಿಗೆ ಬೀಳದಿರುವುದಕ್ಕೆ ನಮ್ಮ ಸಂಸ್ಕಾರವೂ ಒಂದು ಕಾರಣ ಎಂದು ನನಗೆ ಹೊಳೆದದ್ದು ಆ ದಿನ ದಂಡೆಯ ಮೇಲೆ. ಹಿರಿಯರ ಪಾದ ಮುಟ್ಟಿ ನಮಸ್ಕಾರ ಮಾಡುತ್ತಲೇ ಬೆಳೆದವರು ನಾವು. ಮುಟ್ಟಿದ್ದೆಲ್ಲ ಪಾದದ ಮೇಲ್ಭಾಗವನ್ನು. ಯಾರ ಕಡೆಗೂ ಅಂಗಾಲು ಮಾಡಿ ಕೂಡಬಾರದೆಂದು ಕಲಿತ ಅಪ್ಪ, ನಾವು ಬಂದರೆ ಕಾಲು ಮಡಚಿಕೊಳ್ಳುತ್ತಿದ್ದ. ಅವ್ವನ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಮರಳು ಒರೆಸಿ ನೋಡಹೋದರೆ ಆಕೆ ನಾಚಿ, "ನನ್ನ ಕಾಲಾಗ ಏನೈತಿ ನೋಡೂದು, ಮಂದಿ ನೋಡಾಕತ್ತಾರ ಬಿಡ" ಎಂದು ಎಳೆದುಕೊಂಡಳು. ಎರಡನೆಯ ಸಲ ಬಿಟ್ಟುಕೊಟ್ಟಳು. ಒಡಕುಗಳಿದ್ದವು, ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಒಂದು ನಿಜವಾದ ಆಣಿಯಿತ್ತು, ಕಪ್ಪಾದದ್ದು ಏನೂ ಇರಲಿಲ್ಲ. ಆಮೇಲೆ ಮಗಳು ನನ್ನ ಕಾಲು ನೋಡಿದಳು. ಮನೆಯವರೇ ಮನೆಯವರ ಕಾಲು ನೋಡುವುದನ್ನು ಕಲಿಸಬೇಕಾದರೆ ಮೊದಲು ಆಶಾ ತಾಯಂದಿರೇ ಬಾಗಿಲಿಗೆ ಬಂದು, ಕೂಡ್ರಿಸಿ, ಕಾಲು ತೋರಿಸಿ ಎಂದು ಕೇಳಬೇಕಾಗುತ್ತದೆ. ಅವರು ಕೇಳಿದರೆ ನಮ್ಮ ಹಿರಿಯರು ಇಲ್ಲವೆನ್ನುವುದಿಲ್ಲ.

ತರಬೇತಿಗೆ ಚಿತ್ರಗಳು ಬೇಕಾಗುತ್ತವೆ. ನಾನು ಪುಸ್ತಕಗಳಲ್ಲಿ ನೋಡಿದ ಮೆಲನೋಮಾದ ಚಿತ್ರಗಳು ಹೆಚ್ಚಾಗಿ ಬಿಳಿಯರ ಬೆನ್ನಿನವು, ಕಾಲಿನವು. ಅವನ್ನು ನೋಡಿ ಕಲಿತವರು ಎರೆಮಣ್ಣು ಮೆತ್ತಿದ, ಗೇರೆಣ್ಣೆ ಹಚ್ಚಿದ ಹಿಮ್ಮಡಿಯಲ್ಲಿ ಏನನ್ನು ಗುರುತಿಸಿಯಾರು? 2017ರ ದೀಪಾವಳಿಯ ದಿನ ನಾನು ತೆಗೆದ ಅಪ್ಪನ ಹಿಮ್ಮಡಿಯ ಫೋಟೊ ನನ್ನ ಹಳೆಯ ಮೊಬೈಲಿನಲ್ಲಿ ಇನ್ನೂ ಇದೆ. ದಿನಾಂಕವಿದೆ, ಬೆಳಕು ಚೆನ್ನಾಗಿದೆ, ಮೂರು ಬಣ್ಣಗಳೂ ವಕ್ರವಾದ ಅಂಚೂ ಸ್ಪಷ್ಟವಾಗಿ ಕಾಣುತ್ತವೆ. ಅವ್ವನನ್ನೂ ತಮ್ಮನನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ. ತಾವು ದಿನ ತಿಳಿಸಿದರೆ ಅದನ್ನೂ ಬಯಾಪ್ಸಿಯ ವರದಿಯ ಪ್ರತಿಯನ್ನೂ ತಂದು ತಮ್ಮ ಕಚೇರಿಗೆ ಕೊಡುತ್ತೇನೆ. ಅಪ್ಪನ ಹೆಸರು ಹಾಕುವುದು ಬೇಡ, ಹಿಮ್ಮಡಿಯ ಚಿತ್ರವೊಂದೇ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ,
ಧಾರವಾಡ